ಕೆಂಪು ಗೀಟಿನ ವಾರ

ಆಕಾಶವನ್ನು ಓದುವುದೇ ಕಸುಬಾಗಿದ್ದ ಆ ಮನುಷ್ಯ ತಲೆಯೆತ್ತಿ ಆಕಾಶ ನೋಡಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಾಣಲಿಲ್ಲ. ಅವರು ನೋಡುತ್ತಿದ್ದುದೆಲ್ಲ ನೆಲವನ್ನು, ಕಂಬಗಳ ಬುಡವನ್ನು, ಕೇಬಲ್ಲಿನ ಕೀಲುಗಳನ್ನು. ಊಟದ ಹೊತ್ತಿನಲ್ಲಿ ಮಾತ್ರ ಕಣ್ಣು ದೂರ ಹೋಗುತ್ತಿತ್ತು. ಆಗಲೂ ಮೇಲಕ್ಕಲ್ಲ, ಬಯಲಿನಾಚೆ ಕಾಣುವ ಮುಡುಕುತೊರೆಯ ಬೆಟ್ಟದ ಕಡೆಗೆ. ಅವರ ಹಣೆಯ ಮೇಲೆ ವಿಭೂತಿ ಇತ್ತು, ಬೆಟ್ಟದ ಮೇಲೆ ದೇವರಿದ್ದ. ಎರಡನ್ನೂ ಕೂಡಿಸಿ, ಭಕ್ತರು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನ ತಪ್ಪು ಎಂದು ಗೊತ್ತಾಗುವುದಕ್ಕೆ ಬಹಳ ವರ್ಷ ಹಿಡಿಯಿತು.

ಹೋದ ತಿಂಗಳು ಅವರು ತೀರಿಕೊಂಡರು. ನಂಜನಗೂಡಿನಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದುಗಡೆ ಒಂದು ವಠಾರದ ಬಾಡಿಗೆ ಮನೆ ಅವರದು. ಬೆಳಗಿನ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮದುವೆಯಾದವರಲ್ಲ. ಮಣ್ಣಿಗೆ ಬಂದವರು ಹದಿನೈದು ಜನ ಇರಬಹುದು. ಅವರಲ್ಲಿ ವಠಾರದವರೇ ಹೆಚ್ಚು. ತೀರಿಕೊಂಡವರು ಏನು ಕೆಲಸ ಮಾಡುತ್ತಿದ್ದರು ಎಂದು ಮನೆ ಯಜಮಾನರು ನನ್ನನ್ನೇ ಕೇಳಿದರು. ಮೂವತ್ತು ವರ್ಷದ ಬಾಡಿಗೆದಾರ! ರಾಡಾರ್ ಎಂದೆ. ಮಿಲಿಟರಿಯೋ ಎಂದರು. ಅಲ್ಲ ಎಂದಷ್ಟೇ ಹೇಳಿದೆ. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಹಾಕಿದರೆ ಬೈಯುತ್ತಿದ್ದರು, ಆ ಬೈಗುಳದ ಭಯ ನನಗೆ ಇನ್ನೂ ಹೋಗಿಲ್ಲ.

ನಮ್ಮ ಕೇಂದ್ರ ಇರುವುದು ತಿ. ನರಸೀಪುರ ದಾಟಿ, ಹೆಮ್ಮಿಗೆಯ ಕಡೆ. ಗದ್ದೆಗಳ ನಡುವೆ ಒಂದು ಬೋಳು ಬಯಲು, ಬಯಲ ತುಂಬ ಸಾಲು ಸಾಲು ಮರದ ಕಂಬ, ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ಲು. ನೋಡಿದವರೆಲ್ಲ ದ್ರಾಕ್ಷಿ ತೋಟ ಎನ್ನುತ್ತಾರೆ. ಬಳ್ಳಿ ಯಾವಾಗ ನೆಡುತ್ತೀರಿ ಎಂದು ಹಾದಿಹೋಕರೊಬ್ಬರು ಒಮ್ಮೆ ಬೇಲಿಯಾಚೆ ನಿಂತು ಕೇಳಿದ್ದರು. ಇವರು ನಗಲಿಲ್ಲ. ಬಳ್ಳಿ ಮೇಲಿದೆ, ಇಲ್ಲಿರೋದು ಬರೀ ಬೇರು ಎಂದರು. ಆ ಹಾದಿಹೋಕರು ತಲೆಯೆತ್ತಿ ಬಹಳ ಹೊತ್ತು ನೋಡಿ ಹೋದರು.

ನಾನು ಎಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಸೇರಿದ ಮೊದಲ ದಿನ ಕೂತುಕೊಳ್ಳಲು ಕುರ್ಚಿ ಕೊಡಲಿಲ್ಲ, ಕೈಗೊಂದು ಅಳತೆ ಟೇಪು ಕೊಟ್ಟರು. ಇಷ್ಟುದ್ದಕ್ಕೆ ಕೇಬಲ್ ಕತ್ತರಿಸು ಎಂದರು. ಕತ್ತರಿಸಿದೆ. ತಮ್ಮ ಟೇಪು ತೆಗೆದು ಮತ್ತೆ ಅಳೆದರು. ಒಂದು ಇಂಚು ಕಡಿಮೆ ಇತ್ತು.

“ಇಲ್ಲಿ ಒಂದು ಇಂಚು ತಪ್ಪಿದರೆ ಮೇಲೆ ಒಂದೂರೇ ತಪ್ಪುತ್ತೆ ಕಣಮ್ಮ” ಎಂದು, ಆ ತುಂಡನ್ನು ನನ್ನ ಕೈಗೇ ಕೊಟ್ಟು, ಮನೆಗೆ ತೆಗೆದುಕೊಂಡು ಹೋಗಲು ಹೇಳಿದರು. ಈಗಲೂ ನಮ್ಮ ಮನೆಯ ಮೊಳೆಯೊಂದರಲ್ಲಿ ಅದು ತೂಗುತ್ತಿದೆ.

ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೆಲದಿಂದ ನೂರು, ನೂರೈವತ್ತು ಕಿಲೋಮೀಟರ್ ಮೇಲೆ ತೆಳ್ಳನೆಯ ಗಾಳಿ ಬಿಸಿಲಿಗೆ ಒಡೆದು ವಿದ್ಯುತ್ ಕಣಗಳಾಗಿರುತ್ತದೆ. ಅಯಾನುಗೋಳದ ತಳಭಾಗ ಅದು. ಆ ಕಣಗಳು ಸಮನಾಗಿ ಹರಡಿಕೊಂಡಿರುವುದಿಲ್ಲ. ಸರಿಯಾಗಿ ತಿರುವದ ಮುದ್ದೆಯಲ್ಲಿ ಗಂಟು ಉಳಿಯುವ ಹಾಗೆ ಅಲ್ಲಲ್ಲಿ ಗಂಟಾಗಿರುತ್ತವೆ. ಪುಸ್ತಕದಲ್ಲಿ ಇದಕ್ಕೆ ಉದ್ದದ ಹೆಸರಿದೆ. ಇವರು ಗಂಟು ಎಂದೇ ಅನ್ನುತ್ತಿದ್ದರು. ನಾವು ನೆಲದಿಂದ ರೇಡಿಯೋ ಅಲೆ ಕಳಿಸುತ್ತೇವೆ, ಗಂಟಿಗೆ ತಾಗಿದ್ದು ವಾಪಸು ಬರುತ್ತದೆ. ಹಾಗೆ ಬಂದ ಎಕೋವನ್ನು ಅಳೆದು ಬರೆಯುವುದು ನಮ್ಮ ಕೆಲಸ. ಆದರೆ ಗಂಟುಗಳು ಭೂಮಿಯ ಕಾಂತರೇಖೆಯ ಉದ್ದಕ್ಕೆ ಎಳೆದುಕೊಂಡಿರುತ್ತವೆ. ಅಲೆ ಆ ರೇಖೆಗೆ ನೇರ ಅಡ್ಡಲಾಗಿ ಹೋಗಿ ಬಡಿದರೆ ಮಾತ್ರ ನಮ್ಮ ಕಡೆಗೆ ತಿರುಗುತ್ತದೆ. ಗೋಡೆಗೆ ನೆಟ್ಟಗೆ ಎಸೆದ ಚೆಂಡು ಕೈಗೆ ಬರುತ್ತದೆ, ಓರೆಯಾಗಿ ಎಸೆದದ್ದು ಪಕ್ಕದ ಮನೆಗೆ ಹೋಗುತ್ತದೆ, ಅಷ್ಟೇ. ಅದಕ್ಕಾಗಿ ನಮ್ಮ ಅಲೆಯನ್ನು ನೆತ್ತಿಗೆ ಬಿಡದೆ ಸ್ವಲ್ಪ ಉತ್ತರಕ್ಕೆ ಓರೆ ಮಾಡಿ ಬಿಡುತ್ತೇವೆ. ಓರೆ ಮಾಡುವುದು ಕೇಬಲ್ಲಿನ ಉದ್ದದಿಂದ. ಒಂದು ಸಾಲಿಗಿಂತ ಮುಂದಿನ ಸಾಲಿನ ಕೇಬಲ್ಲು ಚೂರು ಉದ್ದ, ಅದಕ್ಕಿಂತ ಅದರ ಮುಂದಿನದು ಇನ್ನೂ ಚೂರು ಉದ್ದ. ನನ್ನ ಒಂದಿಂಚಿಗೆ ಅಷ್ಟು ಬೈಗುಳ ಬಂದದ್ದು ಅದಕ್ಕೇ.

ಈ ಎಕೋಗಳಲ್ಲಿ ಒಂದು ಬಗೆ ಹಗಲಿನಲ್ಲಿ ಮಾತ್ರ ಬರುತ್ತದೆ. ಬೆಳಿಗ್ಗೆ ಎಂಟು ಒಂಬತ್ತಕ್ಕೆ ಎತ್ತರದಲ್ಲಿ ಕಾಣಿಸಿಕೊಂಡು, ಹೊತ್ತೇರಿದ ಹಾಗೆ ಕೆಳಗಿಳಿದು, ನಡುಮಧ್ಯಾಹ್ನ ತೀರ ಕೆಳಗಿದ್ದು, ಮತ್ತೆ ಮೇಲಕ್ಕೇರಿ ನಾಲ್ಕರ ಸುಮಾರಿಗೆ ಮಾಯವಾಗುತ್ತದೆ. ಪರದೆಯ ಮೇಲೆ ನೋಡಿದರೆ ಬಾಗಿಲಿಗೆ ಕಟ್ಟಿದ ತೋರಣ ನಡುವೆ ಜೋತುಬಿದ್ದ ಹಾಗೆ. ತೋರಣ ಎಂದು ಹೆಸರಿಟ್ಟವರು ಇವರೇ. ನಂಜನಗೂಡಿನಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿಳಿದವರು ನೇರ ಪರದೆಯ ಮುಂದೆ ಹೋಗಿ ನಿಂತು, ಕಟ್ಟಿದೆ ಎಂದೋ ಇನ್ನೂ ಕಟ್ಟಿಲ್ಲ ಎಂದೋ ಹೇಳಿ, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ಪ್ರತಿದಿನದ ತೋರಣ ಎಷ್ಟು ಗಾಢವಾಗಿತ್ತು ಎನ್ನುವುದನ್ನು ಒಂದು ದಪ್ಪ ಲೆಡ್ಜರಿನಲ್ಲಿ ಕೈಯಲ್ಲೇ ಬರೆದು ಕೆಳಗೊಂದು ಚಿಕ್ಕ ರುಜು ಹಾಕುತ್ತಿದ್ದರು. ರುಜುವಿನಲ್ಲಿ ಹೆಸರಿನ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಇರುವೆ ನಡೆದ ಹಾಗೆ ಇರುತ್ತಿತ್ತು. ಕಂಪ್ಯೂಟರ್ ಎಲ್ಲವನ್ನೂ ಬರೆದಿಡುತ್ತದಲ್ಲ ಸಾರ್ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಅದಕ್ಕೆ ಬೇಜಾರಾಗಲ್ಲ, ಬೇಜಾರಾಗದವರನ್ನ ನಂಬಬಾರದು ಎಂದಿದ್ದರು.

ಮಾತು ಕಡಿಮೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ತಿ. ನರಸೀಪುರ ಬರುವವರೆಗೆ ಒಂದಕ್ಷರ ಆಡದ ದಿನಗಳು ಎಷ್ಟೋ. ಊಟದ ಕ್ಯಾರಿಯರ್ ಮಾತ್ರ ಒಬ್ಬ ಮನುಷ್ಯನಿಗೆ ಹೆಚ್ಚಾಗುವಷ್ಟು ದೊಡ್ಡದು, ಮೂರು ಡಬ್ಬಿಯದು. ಮೇಲಿನ ಎರಡನ್ನು ತಾವು ಉಣ್ಣುತ್ತಿದ್ದರು. ಕೆಳಗಿನ ಡಬ್ಬಿ ಹಾಗೇ ಇದ್ದು, ನಾಲ್ಕು ಗಂಟೆಗೆ ವಾಚ್‌ಮನ್ ಕೈ ಸೇರುತ್ತಿತ್ತು. ಕೈಹಿಡಿತದ ಮನುಷ್ಯ, ಆದರೂ ದಿನಾ ಅಳತೆ ತಪ್ಪಿ ಬೇಯಿಸುತ್ತಾರಲ್ಲ ಎಂದು ನಾನೂ ವಾಚ್‌ಮನ್ನೂ ಹಿಂದಿನಿಂದ ನಕ್ಕಿದ್ದುಂಟು. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅವರ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು ಸಂಶೋಧನೆ. ತೋರಣ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದೆ ಎನ್ನುವುದು ಅದು. ನಮ್ಮ ಬಯಲಿನ ಮೇಲಿನ ಆಕಾಶದಲ್ಲಿ ಏನೋ ನಿಧಾನವಾಗಿ ಬದಲಾಗುತ್ತಿದೆ, ಗಂಟುಗಳು ಕರಗುತ್ತಿವೆ ಎಂದು ಮೂವತ್ತು ವರ್ಷದ ಲೆಡ್ಜರ್ ಇಟ್ಟುಕೊಂಡು ಹೇಳುತ್ತಿದ್ದರು. ಸಭೆಗಳಲ್ಲಿ ಓದಿದ್ದರು, ಅಚ್ಚೂ ಆಗಿತ್ತು. ಆಂಟೆನಾದ್ದೇ ದೋಷ ಇರಬಾರದೇಕೆ ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಇತ್ತು. ವೃಷಭರಾಶಿಯ ದಿಕ್ಕಿನಲ್ಲಿ ರೇಡಿಯೋ ಅಲೆ ಸೂಸುವ ಒಂದು ಹಳೆಯ ನಕ್ಷತ್ರದ ಅವಶೇಷವಿದೆ. ಅದು ನಮ್ಮ ಓರೆಯ ಸರಿಯಾದ ನಡುವಿಗೆ ಹಾದುಹೋಗುತ್ತಿತ್ತು. ಪ್ರತಿ ವರ್ಷ ಶಿವರಾತ್ರಿಯ ಹಿಂದುಮುಂದೆ, ನಂಜನಗೂಡಿನವರೆಲ್ಲ ದೇವಸ್ಥಾನದ ಸಾಲಿನಲ್ಲಿ ನಿಂತಿರುವಾಗ, ಇವರು ಸಂಜೆ ಏಳರ ಸುಮಾರಿಗೆ ಹೆಮ್ಮಿಗೆಯ ಬಯಲಲ್ಲಿ ಪರದೆಯ ಮುಂದೆ ಕೂತು ಆ ನಕ್ಷತ್ರ ನಡುವಿಗೆ ಬಂತೇ ಎಂದು ನೋಡುತ್ತಿದ್ದರು. ಪ್ರತಿ ವರ್ಷವೂ ಬರುತ್ತಿತ್ತು. ನಮ್ಮ ಆಂಟೆನಾ ಕೂದಲೆಳೆಯಷ್ಟೂ ಅಲುಗಿಲ್ಲ ಎಂದು ಬರೆದು ರುಜು ಹಾಕುತ್ತಿದ್ದರು. ಅದು ನಿಜವೂ ಆಗಿತ್ತು.

ಅಲುಗಿದ್ದು ಭೂಮಿಯ ಕಾಂತರೇಖೆ. ಆ ರೇಖೆಗಳು ವರ್ಷ ವರ್ಷ ಸ್ವಲ್ಪ ಸ್ವಲ್ಪ ಓರೆಯಾಗುತ್ತ ಹೋಗುತ್ತವೆ ಎನ್ನುವುದು ಹೊಸ ವಿಷಯವೇನಲ್ಲ, ನಾವೆಲ್ಲ ಓದಿ ಪಾಸಾದದ್ದೇ. ಆದರೆ ನಮ್ಮಲ್ಲಿ ಯಾರೂ ಅದನ್ನು ನಮ್ಮ ಬಯಲಿಗೆ ತಂದು ನೋಡಿರಲಿಲ್ಲ. ಕೇಂದ್ರ ಶುರುವಾದ ದಿನ ಲೆಕ್ಕ ಹಾಕಿದ ಓರೆಯ ಅಂಕಿಯನ್ನು ಗೋಡೆಯ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದರು. ಕಂಪ್ಯೂಟರಿಗೂ ಅದನ್ನೇ ಹಾಕಿದ್ದರು. ದಿನಾ ಕಣ್ಣಿಗೆ ಬೀಳುವುದನ್ನು ಯಾರು ಅನುಮಾನಿಸುತ್ತಾರೆ? ಅವರ ನಿವೃತ್ತಿಗೆ ಇನ್ನು ಮೂರು ತಿಂಗಳಿದೆ ಎನ್ನುವಾಗ, ಬೀಳ್ಕೊಡುಗೆಯ ದಿನ ಅವರು ಮಾಡಬೇಕಿದ್ದ ಭಾಷಣಕ್ಕೆ ಚಿತ್ರಗಳನ್ನು ತಯಾರಿಸುವ ಕೆಲಸ ನನಗೆ ಬಂತು. ಆ ಅಂಕಿಯನ್ನು ಈ ವರ್ಷದ ಕಾಂತಕ್ಷೇತ್ರದ ಲೆಕ್ಕದಿಂದ ಮತ್ತೆ ಹಾಕಿ ನೋಡಿದೆ. ಸುಮ್ಮನೆ, ಚಿತ್ರ ಅಚ್ಚುಕಟ್ಟಾಗಿರಲಿ ಎಂದು. ಎರಡು ಅಂಕಿಗಳ ನಡುವೆ ಡಿಗ್ರಿಗಳೇ ವ್ಯತ್ಯಾಸ, ಈಗ ಬೇಕಾದ ಓರೆ ಹೆಚ್ಚು. ತೋರಣ ಮಸುಕಾಗಿರಲಿಲ್ಲ, ನಾವು ಮೊದಲು ನೋಡಿದ ಕಡೆಗೇ ನೋಡುತ್ತ ಉಳಿದಿದ್ದೆವು.

ಮೂರು ಸಲ ಲೆಕ್ಕ ಹಾಕಿದೆ. ತಪ್ಪು ನನ್ನದೇ ಆಗಿರಲಿ ಎಂದು ಹರಕೆ ಹೊರುವುದೊಂದು ಬಾಕಿ. ಆಮೇಲೆ ಹಳೆಯ ಲೆಡ್ಜರುಗಳನ್ನು ತಿರುವಿದೆ. ಹದಿನೆಂಟು ವರ್ಷ ಹಿಂದಿನ ಒಂದು ಪುಟದಲ್ಲಿ ಏಳು ದಿನಗಳ ಮೇಲೆ ಕೆಂಪು ಇಂಕಿನ ಗೀಟು ಎಳೆದಿತ್ತು. ಪಕ್ಕದಲ್ಲಿ ಅವರದೇ ಅಕ್ಷರ: “ತಪ್ಪು ಕೇಬಲ್ ಜೋಡಣೆ. ಪರಿಗಣಿಸಬಾರದು.” ಗೀಟಿನ ಕೆಳಗಿನ ಅಂಕಿಗಳು ಓದುವ ಹಾಗೇ ಇದ್ದವು. ಹಿಂದಿನ ವಾರಕ್ಕಿಂತಲೂ ಮುಂದಿನ ವಾರಕ್ಕಿಂತಲೂ ದೊಡ್ಡವು. ಆ ಏಳು ದಿನ ತೋರಣ ಮೊದಲ ವರ್ಷದಷ್ಟೇ ಗಾಢವಾಗಿ ಕಟ್ಟಿತ್ತು.

ಹೇಳುವುದೋ ಬಿಡುವುದೋ ಎಂದು ನಾನು ಎರಡು ವಾರ ಒದ್ದಾಡಿದೆ. ಹೇಳದಿದ್ದರೆ ಅವರು ಸಭೆಯಲ್ಲಿ ನಿಂತು ಸುಳ್ಳಾದ ಮಾತನ್ನು ಕೊನೆಯ ಸಲ ಹೇಳಿ, ಶಾಲು ಹೊದ್ದು ಮನೆಗೆ ಹೋಗುತ್ತಾರೆ. ನೆಮ್ಮದಿಯಾಗಿ ಇರುತ್ತಾರೆ. ಅವರು ಹೋದ ಮೇಲೆ ನಾನೇ ತಿದ್ದಿ ಬರೆದರೆ ನನಗೆ ಹೆಸರೂ ಬರುತ್ತದೆ. ಇಂಥ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಂದದ್ದಕ್ಕೇ ಹೆದರಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸ್ಟೋರಿನ ಮುಂದಿನ ಕಲ್ಲುಬೆಂಚಿನ ಮೇಲೆ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ.

ತುತ್ತು ಅವರ ಕೈಯಲ್ಲೇ ಇತ್ತು. ಅದನ್ನು ಡಬ್ಬಿಗೆ ಹಾಕಿ ಕೈ ತೊಳೆದು ಬಂದರು.

“ಹಲಗೆ ಮೇಲಿನ ನಂಬರು ನಾನೇ ಬರೆದದ್ದು. ಸೀಮೆಸುಣ್ಣದಲ್ಲಿ ಬರೀಬೇಕಾಗಿತ್ತು” ಎಂದರು.

ಆಮೇಲೆ ಒಳಗೆ ಹೋಗಿ ಹಳೆಯ ಲೆಡ್ಜರ್ ತಂದು ತೊಡೆಯ ಮೇಲಿಟ್ಟುಕೊಂಡು ತೆರೆದರು. ಹುಡುಕಲಿಲ್ಲ, ಪುಟ ತಿರುವಲಿಲ್ಲ. ಲೆಡ್ಜರ್ ತಾನೇ ಆ ಕೆಂಪು ಗೀಟಿನ ಪುಟಕ್ಕೆ ತೆರೆದುಕೊಂಡಿತು. ಎಷ್ಟು ಸಲ ತೆರೆದು ನೋಡಿದ್ದರೋ. ಅವರು ಮುಡುಕುತೊರೆಯ ಬೆಟ್ಟದ ಕಡೆ ನೋಡುತ್ತಿದ್ದುದು ಏಕೆಂದು ನನಗೆ ಗೊತ್ತಾದದ್ದು ಅವತ್ತು.

ಕೇಂದ್ರ ಶುರುವಾದಾಗ ಕಂಬ ನೆಟ್ಟು ಕೇಬಲ್ ಕಟ್ಟಿದವನು ಮುಡುಕುತೊರೆಯ ಮರಿಸ್ವಾಮಿ ಎಂಬುವನು. ದಿನಗೂಲಿಯ ಮೇಲೆ ಬಂದವನು ಹನ್ನೆರಡು ವರ್ಷ ಇದ್ದ. ಓದು ಏಳನೇ ಕ್ಲಾಸು, ಅಳತೆ ಮಾತ್ರ ಇವರಿಗಿಂತ ಖಚಿತ. ಆಗ ಎರಡು ಸೆಟ್ ಕೇಬಲ್ ಕತ್ತರಿಸಿದ್ದರು. ಹಳದಿ ಟೇಪು ಸುತ್ತಿದ್ದು ಬಳಕೆಗೆ. ಇನ್ನೂ ಸ್ವಲ್ಪ ಹೆಚ್ಚು ಓರೆಯಾಗುವ ನೀಲಿ ಟೇಪಿನದು ಪರೀಕ್ಷೆಗೆ. ಒಂದು ಮುಂಗಾರಿನಲ್ಲಿ ಸಿಡಿಲು ಬಡಿದು ಸಾಲುಗಳನ್ನೆಲ್ಲ ಬಿಚ್ಚಿ ಕಟ್ಟಬೇಕಾದಾಗ, ಮರಿಸ್ವಾಮಿ ಅವಸರದಲ್ಲಿ ನೀಲಿಯನ್ನು ಕಟ್ಟಿಬಿಟ್ಟ. ಒಂದು ವಾರ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಅವನೇ ಬಂದು ಹೇಳಿದನಂತೆ, ತಪ್ಪಾಗಿದೆ ಸಾ, ಆದರೆ ತಪ್ಪಾಗಿದ್ದಾಗಲೇ ಚೆನ್ನಾಗಿ ಬರುತ್ತಿದೆ, ನೀಲಿಯೇ ಇರಲಿ ಎಂದು. ಇವರು ಆ ತಿಂಗಳೇ ಮಸುಕಾಗುವ ತೋರಣದ ಮೊದಲ ಪ್ರಬಂಧ ಬರೆಯುತ್ತಿದ್ದರು.

“ನಾಲ್ಕು ಜನರ ಮುಂದೆ ಅಂದೆ ಕಣಮ್ಮ. ಕೇಬಲ್ ಕಟ್ಟೋನು ಕೇಬಲ್ ಕಟ್ಟು, ಆಕಾಶದ ವಿಷಯ ನನಗೆ ಬಿಡು ಅಂತ.”

ಮರಿಸ್ವಾಮಿ ನೀಲಿ ಬಿಚ್ಚಿ ಹಳದಿ ಕಟ್ಟಿದ. ಮುಂದಿನ ತಿಂಗಳಿಂದ ಕೆಲಸಕ್ಕೆ ಬರಲಿಲ್ಲ. ಅವನ ಮನೆಗೆ ಹೋಗಿ ಮಾತಾಡಿಸಬೇಕು ಎಂದು ಎಷ್ಟೋ ಸಲ ಅನ್ನಿಸಿತಂತೆ. ಏನೆಂದು ಹೋಗುವುದು? ತಪ್ಪು ಅವನದೇ ಎಂದು ನಂಬಿಕೊಂಡಿರುವಾಗ ಕ್ಷಮೆ ಕೇಳುವುದು ಹೇಗೆ? ಹೋಗಲಿಲ್ಲ. ಅನ್ನ ಮಾತ್ರ ಇಬ್ಬರಿಗಾಗುವಷ್ಟೇ ಬೇಯಿಸುತ್ತ ಬಂದರು. ಮೊದಲೆಲ್ಲ ಕೆಳಗಿನ ಡಬ್ಬಿ ಮರಿಸ್ವಾಮಿಯದಾಗಿತ್ತು ಎಂದು ಅವರು ಹೇಳಲಿಲ್ಲ. ಹೇಳದೆಯೇ ನನಗೆ ತಿಳಿಯಿತು.

ಮಾರನೆಯ ದಿನ ಸ್ಟೋರಿನ ಟ್ರಂಕು ತೆಗೆದೆವು. ನೀಲಿ ಟೇಪಿನ ಕೇಬಲ್ಲುಗಳನ್ನು ಸುರುಳಿ ಸುತ್ತಿ, ಗೋಣಿಯಲ್ಲಿ ಇಟ್ಟು, ಹುರಿಯಿಂದ ಬಿಗಿದಿತ್ತು. ನಾನು ಚಾಕು ತೆಗೆದೆ. ಬೇಡ ಎಂದು ಕೈ ಹಿಡಿದು, ಕೂತುಕೊಂಡು ಉಗುರಿನಿಂದಲೇ ಆ ಗಂಟು ಬಿಚ್ಚಿದರು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಎರಡು ದಿನ ಬಿಸಿಲಿನಲ್ಲಿ ಸಾಲು ಸಾಲಾಗಿ ನಾವಿಬ್ಬರೇ ಕಟ್ಟಿದೆವು. ಕೊನೆಯ ಕೀಲು ಬಿಗಿಯುವಾಗ, ಇನ್ನು ಮೇಲೆ ಶಿವರಾತ್ರಿಗೆ ಆ ನಕ್ಷತ್ರ ನಮ್ಮ ನಡುವಿಗೆ ಬರುವುದಿಲ್ಲ, ಅಂಚಿಗೆ ಹೋಗುತ್ತದೆ ಎಂದರು. ನೆಂಟರು ಊರು ಬಿಟ್ಟ ಸುದ್ದಿ ಹೇಳಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಒಳಗೆ ಹೋದವರು ಪರದೆಯ ಮುಂದೆ ನಿಂತರು. ತೋರಣ ಕಟ್ಟಲು ಶುರುವಾಗಿತ್ತು. ಹೊತ್ತೇರಿದ ಹಾಗೆ ಗಾಢವಾಗುತ್ತ ಹೋಯಿತು. ನಾನು ಆ ಕೇಂದ್ರದಲ್ಲಿ ಅಂಥದ್ದನ್ನು ಕಂಡೇ ಇರಲಿಲ್ಲ. ಅವರು ಕಂಡಿದ್ದರು, ಮೂವತ್ತನೇ ವಯಸ್ಸಿನಲ್ಲಿ. ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದರು. ಚಪ್ಪಲಿ ಬಿಟ್ಟಿರಲಿಲ್ಲ.

“ಅಲ್ಲೇ ಇತ್ತಲ್ಲಮ್ಮ” ಎಂದರು, ಕೊನೆಗೆ.

ಆಮೇಲೆ, ಮುಡುಕುತೊರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹದಿನೆಂಟು ವರ್ಷ ಆ ಬೆಟ್ಟ ನೋಡಿಕೊಂಡು ಉಂಡ ಮನುಷ್ಯನಿಗೆ ಅಲ್ಲಿಗೆ ಹೋಗುವ ಬಸ್ಸಿನ ಹೊತ್ತು ಗೊತ್ತಿರಲಿಲ್ಲ. ಜೊತೆಗೆ ಬಾ ಎನ್ನಲಿಲ್ಲ. ಕ್ಯಾರಿಯರ್ ಎತ್ತಿಕೊಂಡು ಹೊರಟವರು ಗೇಟಿನ ಹತ್ತಿರ ನಿಂತೇ ಇದ್ದರು. ನಾನು ಹೊರಟೆ.

ಮರಿಸ್ವಾಮಿ ಮನೆಯಲ್ಲಿರಲಿಲ್ಲ, ನಾಲೆಯ ಹತ್ತಿರ ಇದ್ದಾನೆ ಎಂದರು. ಊರ ನೀರುಗಂಟಿ ಅವನು. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಎಲ್ಲಿ ತಡೆಯಬೇಕು ಎನ್ನುವುದು ಅವನ ಕೆಲಸ. ತೂಬಿನ ಬಳಿ ಮೊಣಕಾಲುದ್ದ ನೀರಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇವರನ್ನು ನೋಡಿ ಗುದ್ದಲಿ ಕೆಳಗಿಟ್ಟು, ಒದ್ದೆ ಕೈಯನ್ನು ಟವಲಿಗೆ ಒರೆಸಿಕೊಂಡು ಮೇಲೆ ಬಂದ. ಬನ್ನಿ ಸಾ ಎಂದ, ನಿನ್ನೆ ತಾನೇ ನೋಡಿದವರ ಹಾಗೆ.

ಇವರು ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ನೀನು ಹೇಳಿದ್ದೇ ಸರಿ, ನೀಲಿಯೇ ಸರಿ, ನಾಲ್ಕು ಜನರ ಮುಂದೆ ಬೈದದ್ದು ನನ್ನ ತಪ್ಪು ಎಂದರು. ಮರಿಸ್ವಾಮಿ ಬಹಳ ಹೊತ್ತು ಯೋಚನೆ ಮಾಡಿದ.

“ಯಾವತ್ತು ಸಾ? ನೀವು ದಿನಾ ಬೈತಿದ್ರಿ. ಯಾವ್ದು ಅಂತ ನೆಪ್ಪಿಟ್ಕಳನ?”

ಕೆಂಪು ಗೀಟು, ನೀಲಿ ಟೇಪು, ಸಿಡಿಲು ಬಡಿದ ವಾರ ಎಂದು ಇವರು ಒಂದೊಂದನ್ನೂ ನೆನಪಿಸಿದರು. ಸಿಡಿಲು ಅವನಿಗೆ ನೆನಪಿತ್ತು. ಟೇಪೂ ನೆನಪಿತ್ತು. ಬೈಗುಳ ನೆನಪಿರಲಿಲ್ಲ. ಮತ್ತೇಕೆ ಬಿಟ್ಟೆ ಎಂದು ಇವರು ಕೇಳಿದರು. ಧ್ವನಿ ಸಣ್ಣಗಾಗಿತ್ತು.

“ನಮ್ಮಪ್ಪ ತೀರ್ಕಂಡ್ರಲ್ಲ ಸಾ. ನೀರುಗಂಟಿ ಕೆಲ್ಸ ಮನ್ತನದ್ದು, ಬುಡಕಾದದ? ನಿಮ್ ಆಪೀಸಲ್ಲಿ ಗುಮಾಸ್ತರಿಗೆ ಯೋಳಿದ್ದೆ, ಸಾರ್‌ಗೆ ತಿಳಿಸ್ಬುಡಿ ಅಂತ.” ತೂಬಿನ ಕಡೆ ಒಂದು ಸಲ ನೋಡಿ ಮುಂದುವರಿಸಿದ. “ನೀವು ಒಂದ್ ದಿನಾನೂ ಈ ಕಡೆ ಬರ್ನಿಲ್ಲ. ಎದುರ್ಗೆ ನಿಂತು ಯೋಳ್ದೆ ಬುಟ್ಟೋದ ಅಂತ ಸಾರ್‌ಗೇ ಕ್ವಾಪ ಬಂದದೆ ಅನ್ಕಂಡು ನಾನೂ ಸುಮ್ಗಾದೆ. ಸ್ವಾಮಾರ ಸ್ವಾಮಾರ ಬೆಟ್ಟಕ್ಕೋಯ್ತೀನಲ್ಲ, ಮ್ಯಾಲಿಂದ ನಿಮ್ ಕಂಬ ಕಾಣ್ತವೆ. ನೋಡ್ಕಂಡು ಬತ್ತೀನಿ.”

ಗುಮಾಸ್ತರು ಆ ಮಾತನ್ನು ತಿಳಿಸಿರಲಿಲ್ಲ. ಮರೆತಿರಬೇಕು. ಅವರೂ ಈಗಿಲ್ಲ.

ನಾಲೆಯ ಏರಿಯ ಮೇಲೆ ಕೂತು ಕ್ಯಾರಿಯರ್ ಬಿಚ್ಚಿದರು. ಕೆಳಗಿನ ಡಬ್ಬಿಯನ್ನು ಮರಿಸ್ವಾಮಿ ತಾನೇ ಕೈಚಾಚಿ ತೆಗೆದುಕೊಂಡ. ಉಪ್ಪು ಈಗಲೂ ಕಮ್ಮಿ ಎಂದ. ಉಂಡಾದ ಮೇಲೆ ಡಬ್ಬಿಯನ್ನು ನಾಲೆಯಲ್ಲೇ ತೊಳೆದು ಕೊಟ್ಟ. ನೀರು ಬಿಡುವ ಹೊತ್ತಾಯಿತು ಎಂದು ಅವನೆದ್ದ, ಬಸ್ಸಿನ ಹೊತ್ತಾಯಿತು ಎಂದು ಇವರೆದ್ದರು.

ವಾಪಸು ಬರುವಾಗ ತಿ. ನರಸೀಪುರದವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು. ಸಂಗಮದ ಸೇತುವೆ ದಾಟಿದ ಮೇಲೆ ನನ್ನ ಕಡೆ ತಿರುಗದೆ ಹೇಳಿದರು.

“ನೆನಪಿಟ್ಟುಕೊಂಡು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಕಣಮ್ಮ.”

ಹದಿನೆಂಟು ವರ್ಷ ಹೊತ್ತುಕೊಂಡು ಬಂದದ್ದನ್ನು ಇಳಿಸಲು ಹೋದರೆ, ಅಲ್ಲಿ ಅದನ್ನು ತೆಗೆದುಕೊಳ್ಳುವವರೇ ಇರಲಿಲ್ಲ. ಅವತ್ತು ನನಗೆ ಅವರ ಮೇಲೆ ಸಿಟ್ಟೂ ಬಂತು. ಎಂಟು ಕಿಲೋಮೀಟರ್ ಕೂಡ ಇಲ್ಲದ ಊರಿಗೆ ಒಂದು ಸಲ ಹೋಗಿಬರಲು ಏನಾಗಿತ್ತು ಈ ಮನುಷ್ಯನಿಗೆ ಎಂದು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಬೀಳ್ಕೊಡುಗೆಗೆ ದೂರದಿಂದಲೂ ಜನ ಬಂದಿದ್ದರು. ನಾನು ತಯಾರಿಸಿದ ಚಿತ್ರಗಳನ್ನು ಅವರು ತೋರಿಸಲಿಲ್ಲ. ಎದ್ದು ನಿಂತು ಐದೇ ನಿಮಿಷ ಮಾತಾಡಿದರು. ತೋರಣ ಮಸುಕಾಗುತ್ತಿದೆ ಎಂದು ನಾನು ಇಷ್ಟು ವರ್ಷ ಹೇಳಿದ್ದು ತಪ್ಪು, ರೇಖೆ ಸರಿದಿತ್ತು, ನಾನು ಸರಿಯಲಿಲ್ಲ, ಲೆಕ್ಕ ಹಿಡಿದವಳು ಈ ಹುಡುಗಿ, ಹದಿನೆಂಟು ವರ್ಷ ಮೊದಲೇ ಹೇಳಿದವನು ಇನ್ನೊಬ್ಬ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಎದ್ದು, ದೊಡ್ಡವರ ವಿನಯ ನೋಡಿ ಕಲಿಯಬೇಕು ಎಂದು ಹೊಗಳಿ ಶಾಲು ಹೊದಿಸಿದರು. ಶಾಲಿನೊಳಗಿಂದ ಅವರು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ತಪ್ಪು ಒಪ್ಪಿಕೊಂಡರೂ ಯಾರೂ ನಂಬುತ್ತಿಲ್ಲವಲ್ಲ ಎನ್ನುವ ಹಾಗಿತ್ತು.

ನಿವೃತ್ತಿಯ ಮೇಲೆ ಎರಡು ವರ್ಷ ಬದುಕಿದ್ದರು. ಮುಡುಕುತೊರೆಗೆ ನಾಲ್ಕೈದು ಸಲ ಹೋಗಿಬಂದರಂತೆ, ಕ್ಯಾರಿಯರ್ ಹಿಡಿದುಕೊಂಡೇ. ಆಮೇಲೆ ಮಂಡಿನೋವು ಬಂದು ಅದೂ ನಿಂತಿತು. ನಂಜನಗೂಡಿನಲ್ಲಿ ನಾನು ನೋಡಲು ಹೋದಾಗಲೆಲ್ಲ ಇವತ್ತು ಕಟ್ಟಿತ್ತಾ ಎಂದು ಕೇಳುತ್ತಿದ್ದರು. ಕಟ್ಟಿತ್ತು ಸಾರ್ ಎಂದರೆ ಸಾಕು, ಮುಂದೆ ಮಾತಿಲ್ಲ. ಮಣ್ಣಿನ ದಿನ ಮರಿಸ್ವಾಮಿ ಬಂದಿದ್ದ. ವಠಾರದವರಿಗೆ ಯಾರೆಂದು ಗೊತ್ತಿಲ್ಲದ್ದರಿಂದ ದೂರದಲ್ಲೇ ನಿಂತಿದ್ದ. ಎಲ್ಲ ಮುಗಿದ ಮೇಲೆ ಬಂದು ಮೂರು ಹಿಡಿ ಮಣ್ಣು ಹಾಕಿ, ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.

ಬೀಳ್ಕೊಡುಗೆಯ ಸಂಜೆಯದು ಒಂದು ಮಾತು ಉಳಿದಿದೆ. ಜನರೆಲ್ಲ ಹೋದ ಮೇಲೆ ಅವರು ಶಾಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದು, ಹಳೆಯ ಲೆಡ್ಜರನ್ನೂ ಕೆಂಪು ಇಂಕಿನ ಪೆನ್ನನ್ನೂ ಕೇಳಿದರು. ಕೊಟ್ಟೆ. ಆ ಪುಟ ತೆರೆದು, ನಿಂತೇ, ತಮ್ಮ ಹಳೆಯ ಬರಹದ ಕೆಳಗೆ ನಿಧಾನವಾಗಿ ಬರೆದರು. ಅವರು ಹೋದ ಮೇಲೆ ಓದಿದೆ.

“ಈ ಏಳು ದಿನಗಳ ಅಂಕಿ ಸರಿಯಾಗಿದೆ. ಉಳಿದ ವರ್ಷಗಳನ್ನು ತಿದ್ದಿಕೊಳ್ಳಬೇಕು. ಕೇಬಲ್ ಜೋಡಣೆ: ಮರಿಸ್ವಾಮಿ, ಮುಡುಕುತೊರೆ.”

ಆ ಹೆಸರನ್ನು ಒಂದೊಂದಕ್ಷರವೂ ಬಿಡಿಬಿಡಿಯಾಗಿ, ಯಾರು ಬೇಕಾದರೂ ಓದುವ ಹಾಗೆ ದುಂಡಗೆ ಬರೆದಿದ್ದರು. ಅದರ ಕೆಳಗೆ ತಮ್ಮದು, ಎಂದಿನ ಹಾಗೆ, ಇರುವೆ ನಡೆದಂಥ ಒಂದು ಚಿಕ್ಕ ರುಜು.